ಮಕ್ಕಳ ಯೋಗ ತರಗತಿಯಲ್ಲಿ ಚಿತ್ರಕಲೆಗೇನು ಕೆಲಸ?

ಪ್ರತಿ ವರ್ಷ ಫೆಬ್ರವರಿ, ಮಾರ್ಚ್ ತಿಂಗಳುಗಳು ಬಂದವೆಂದರೆ ನಮ್ಮ ಚಿಕಿತ್ಸಾಲಯಕ್ಕೆ ಒಂದು ಬಗೆಯ ಬಾಲರೋಗಿಗಳು ಬರತೊಡಗುತ್ತಾರೆ. ಎಂಟರಿಂದ ಹನ್ನೆರಡರ ವಯಸ್ಸು. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಹೊಕ್ಕುಳಿನ ಸುತ್ತ ನೋವು. ರವಿವಾರ ಆ ನೋವು ಇರುವುದಿಲ್ಲ. ನಾಲಗೆ ಸ್ವಚ್ಛವಾಗಿರುತ್ತದೆ, ಹೊಟ್ಟೆ ಮೃದುವಾಗಿರುತ್ತದೆ, ತೂಕ ಸರಿಯಾಗಿರುತ್ತದೆ, ಮಲಮೂತ್ರ ಪರೀಕ್ಷೆಯಲ್ಲಿ ಯಾವ ದೋಷವೂ ಕಾಣುವುದಿಲ್ಲ. ಜೊತೆಗೆ ಬಂದ ತಾಯಿ ಮೆಲ್ಲನೆ, "ನೆಪ ಮಾಡತಾನ್ರೀ ಡಾಕ್ಟರೇ" ಎನ್ನುತ್ತಾರೆ. ಅದು ನೆಪವಲ್ಲ. ನೋವು ನಿಜ; ಅದರ ಬೇರು ಮಾತ್ರ ಹೊಟ್ಟೆಯಲ್ಲಿಲ್ಲ. ಮಗುವಿನ ಮನಸ್ಸಿನಲ್ಲಿ ಕುಳಿತ ಭಯವು ಹೇಳಿಕೊಳ್ಳಲು ಮಾತು ಸಿಗದೆ ಹೊಟ್ಟೆಯ ಮೂಲಕ ಮಾತನಾಡುತ್ತಿರುತ್ತದೆ.

ಇಂತಹ ಮಗುವಿಗೆ ಔಷಧಿಯಿಂದ ಆಗುವ ಉಪಕಾರ ಅಲ್ಪ. ಈ ಕಾರಣದಿಂದಲೇ ಶ್ರೀಮಠದ ಸಭಾಭವನದಲ್ಲಿ ರವಿವಾರಕ್ಕೊಮ್ಮೆ ಒಂದು ಗಂಟೆಯ ಮಕ್ಕಳ ತರಗತಿಯನ್ನು ನಾವು ನಡೆಸುತ್ತ ಬಂದಿದ್ದೇವೆ. ಅಲ್ಲಿ ಆಸನವಿದೆ, ಉಸಿರಿನ ಅಭ್ಯಾಸವಿದೆ, ಮೌನವಿದೆ. ಕೊನೆಯ ಇಪ್ಪತ್ತು ನಿಮಿಷ ಬಣ್ಣ, ಕಾಗದ, ಮಣ್ಣು. ಇದನ್ನು ಕಂಡ ಸದ್ಭಕ್ತರು ಹಲವರು, "ಯೋಗ ಕಲಿಸುವಲ್ಲಿ ಚಿತ್ರಕಲೆಗೇನು ಕೆಲಸ?" ಎಂದು ಕೇಳಿದ್ದಾರೆ. ಪ್ರಶ್ನೆ ಯೋಗ್ಯವಾದುದು. ಅದಕ್ಕೆ ಉತ್ತರವಾಗಿ ಈ ಲೇಖನ.

ಮಗುವಿನ ದೇಹ, ಮಗುವಿನ ಯೋಗ

ಮನಸ್ಸನ್ನು ನಿಯಂತ್ರಿಸುವುದೂ ಅದನ್ನು ಪ್ರವರ್ತಿಸುವುದೂ ವಾಯುವೇ ಎಂದು ಚರಕಸಂಹಿತೆ ಹೇಳುತ್ತದೆ. ವಾಯುವಿನ ಗುಣ ಚಲನೆ. ಭಯ, ನಿದ್ರಾಭಂಗ, ಹೊತ್ತಲ್ಲದ ಹೊತ್ತಿನ ಊಟ, ರಾತ್ರಿ ಬಹಳ ಹೊತ್ತು ಮೊಬೈಲ್ ನೋಡುವುದು, ಇವೆಲ್ಲ ಅದನ್ನು ಕೆರಳಿಸುತ್ತವೆ. ಕೆರಳಿದ ವಾಯುವಿರುವ ಮಗುವನ್ನು ಹಿಡಿದು ಕೂರಿಸಿ "ಕಣ್ಣು ಮುಚ್ಚು, ಮನಸ್ಸು ನಿಲ್ಲಿಸು" ಎಂದರೆ ಅದು ಸಾಧ್ಯವಾಗದ ಮಾತು. ಮೊದಲು ದೇಹಕ್ಕೆ ಚಲಿಸಲು ಅವಕಾಶ ಕೊಡಬೇಕು. ಚಲನೆಯ ಕೊನೆಗೆ ನಿಲುಗಡೆ ತಾನಾಗಿ ಬರುತ್ತದೆ. ಆದ್ದರಿಂದ ಆಸನ ಮೊದಲು.

ಆದರೆ ಇಲ್ಲಿಯೇ ಒಂದು ಎಚ್ಚರಿಕೆ ಬೇಕು. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ವ್ಯಾಯಾಮವನ್ನು ಬಿಡಬೇಕಾದವರ ಪಟ್ಟಿಯಲ್ಲಿ ವಾತಪಿತ್ತ ರೋಗಿಗಳು, ವೃದ್ಧರು ಮತ್ತು ಅಜೀರ್ಣವುಳ್ಳವರ ಜೊತೆಗೆ ಬಾಲರನ್ನೂ ಸೇರಿಸಿದ್ದಾರೆ. ಮಗು ಓಡಬಾರದು, ಆಡಬಾರದು ಎಂದು ಇದರ ಅರ್ಥವಲ್ಲ. ಆಟ ಮಗುವಿನ ಸಹಜ ಧರ್ಮ. ವಿಶ್ವ ಆರೋಗ್ಯ ಸಂಸ್ಥೆಯೂ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ಹೇಳಿದೆ. ವಾಗ್ಭಟರ ಮಾತನ್ನು ನಾವು ತಿಳಿದುಕೊಂಡಿರುವುದು ಹೀಗೆ: ಬೆಳೆಯುತ್ತಿರುವ ಅಂಗಗಳನ್ನು ಹಟದಿಂದ ದಣಿಸಬಾರದು. ಬಾಯಿಯಿಂದ ಉಸಿರಾಡುವಂತಾದರೆ ಅರ್ಧಬಲ ವ್ಯಯವಾಯಿತೆಂದು ತಿಳಿಯಬೇಕೆಂಬುದು ಸುಶ್ರುತಸಂಹಿತೆಯ ಲಕ್ಷಣ. ಮಕ್ಕಳ ತರಗತಿಯಲ್ಲಿ ಆ ಗಡಿಯವರೆಗೂ ಹೋಗುವುದು ಬೇಡ.

ಆಸನವೆಂಬುದು ಸ್ಥಿರವೂ ಸುಖಕರವೂ ಆಗಿರಬೇಕೆಂದು ಪತಂಜಲಿಗಳು ಹೇಳಿದ್ದಾರೆ. 2015ರಿಂದ ಜೂನ್ 21 ಅಂತರರಾಷ್ಟ್ರೀಯ ಯೋಗ ದಿನವಾಗಿ ಆಚರಣೆಗೆ ಬಂದ ಮೇಲೆ ಯೋಗವು ಊರೂರಿಗೆ ತಲುಪಿದೆ. ಇದು ಸಂತೋಷದ ಸಂಗತಿ. ಜೊತೆಗೆ, ವೇದಿಕೆಯ ಮೇಲೆ ಬಿಲ್ಲಿನಂತೆ ಬಾಗುವ ಮಗುವಿಗೆ ಚಪ್ಪಾಳೆ, ಬಾಗದ ಮಗುವಿಗೆ ನಾಚಿಕೆ ಎಂಬ ರೂಢಿಯೂ ಬೆಳೆಯುತ್ತಿದೆ. ನಾಚಿಕೆಯಲ್ಲಿ ಮಾಡಿದ ಆಸನದಲ್ಲಿ ಸುಖವೆಲ್ಲಿಂದ ಬರಬೇಕು?

ಸಾವಧಾನ: ಹೊಸ ಹೆಸರು, ಹಳೆಯ ಸಾಧನೆ

ಇಂದು ಮೈಂಡ್‌ಫುಲ್‌ನೆಸ್ ಎಂಬ ಹೆಸರಿನಲ್ಲಿ ಪ್ರಚಾರದಲ್ಲಿರುವ ಅಭ್ಯಾಸವನ್ನು ನಾವು ಸಾವಧಾನ ಎಂದು ಕರೆಯೋಣ. ಈ ಕ್ಷಣದಲ್ಲಿ ನಡೆಯುತ್ತಿರುವುದನ್ನು, ಒಳ್ಳೆಯದು ಕೆಟ್ಟದ್ದೆಂದು ತೀರ್ಪು ಕೊಡದೆ, ಇದ್ದುದನ್ನು ಇದ್ದಂತೆ ಗಮನಿಸುವುದೇ ಇದರ ತಿರುಳು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಇದನ್ನು ದೀರ್ಘಕಾಲದ ನೋವಿನ ರೋಗಿಗಳಿಗೆ ಕಲಿಸತೊಡಗಿದರು. ಬೌದ್ಧ ಧ್ಯಾನ ಮತ್ತು ಯೋಗಗಳಿಂದ ಅವರು ಅದನ್ನು ಪಡೆದಿದ್ದರು.

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿಕೊಂಡು ಅನಿಮಿಷ ದೃಷ್ಟಿಯಿಂದ ನೋಡುವ ನಮಗೆ ಈ ಸಾಧನೆಯ ಒಂದು ಮುಖ ಹೊಸದಲ್ಲ. ಕಣ್ಣಿಗೆ ಒಂದು ನೆಲೆ, ಕೈಗೆ ಒಂದು ಭಾರ, ಉಸಿರಿಗೆ ಒಂದು ಲಯ ದೊರೆತಾಗ ಮನಸ್ಸು ತಾನಾಗಿ ಕೂಡಿಕೊಳ್ಳುತ್ತದೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಪೂಜೆ ಬೇರೆ, ಈ ತರಗತಿ ಬೇರೆ. ಒಂದನ್ನು ಇನ್ನೊಂದರ ಸ್ಥಾನದಲ್ಲಿ ಇಡುವುದು ನಮ್ಮ ಉದ್ದೇಶವಲ್ಲ. ಕಣ್ಣು ಮತ್ತು ಕೈಗಳಿಗೆ ಆಸರೆ ಬೇಕೆಂಬ ತಿಳಿವಳಿಕೆಯನ್ನು ಮಾತ್ರ ಅಲ್ಲಿಂದ ಪಡೆಯುತ್ತಿದ್ದೇವೆ.

ಈ ಆಸರೆಯಿಲ್ಲದೆ ಬರಿಯ ಬೋಧನೆಯಿಂದ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನಲ್ಲಿ ಕೇಂದ್ರಿತವಾಗಿದ್ದ ಒಂದು ದೊಡ್ಡ ಅಧ್ಯಯನ ಕಣ್ಣು ತೆರೆಸುವಂತಿದೆ. 85 ಶಾಲೆಗಳ, 11ರಿಂದ 14 ವರ್ಷದ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಆ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಶಿಕ್ಷಕರು ತರಗತಿಯಲ್ಲಿ ಸಾವಧಾನದ ಪಾಠ ಹೇಳಿದ ಶಾಲೆಗಳ ಮಕ್ಕಳ ಮನಃಸ್ವಾಸ್ಥ್ಯವು, ಎಂದಿನ ಪಾಠವನ್ನೇ ಮುಂದುವರಿಸಿದ ಶಾಲೆಗಳ ಮಕ್ಕಳಿಗಿಂತ ಉತ್ತಮವಾಗಲಿಲ್ಲ. ಬಹುತೇಕ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಸಾವಧಾನ ನಿಷ್ಪ್ರಯೋಜಕವೆಂದು ನಾವು ಇದರಿಂದ ಭಾವಿಸುವುದಿಲ್ಲ. ಮಕ್ಕಳಿಗೆ ಅದನ್ನು ಉಪದೇಶವಾಗಿ ಕೊಟ್ಟರೆ ಒಳಗಿಳಿಯದು, ಅವರು ಬಯಸಿ ಮಾಡುವ ಕೆಲಸದೊಳಗೆ ಅದು ಬೆರೆತಿರಬೇಕು ಎಂಬ ಪಾಠವನ್ನು ನಾವು ತೆಗೆದುಕೊಂಡಿದ್ದೇವೆ. ಚಿತ್ರಕಲೆಗೆ ಕೆಲಸವಿರುವುದು ಇಲ್ಲಿಯೇ.

ಕೈ ಮಾಡುವ ಕೆಲಸ

ದೊಡ್ಡವರಿಗೆ ದುಃಖವಾದರೆ ಹೇಳಿಕೊಳ್ಳಲು ಮಾತುಗಳಿವೆ. ಎಂಟು ವರ್ಷದ ಮಗುವಿಗೆ ಅಷ್ಟು ಮಾತಿಲ್ಲ. ಆದರೆ ಕೈಯಲ್ಲಿ ಬಣ್ಣವಿದ್ದರೆ ಒತ್ತಿ ಬರೆಯುವ, ಹಗುರಾಗಿ ಬರೆಯುವ, ಬರೆದು ಅಳಿಸುವ ಬಗೆಯಲ್ಲಿಯೇ ಎಷ್ಟೋ ಹೊರಗೆ ಬರುತ್ತದೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ 39 ಮಂದಿ ವಯಸ್ಕರಿಗೆ 45 ನಿಮಿಷ ತಮಗಿಷ್ಟ ಬಂದಂತೆ ಬಣ್ಣ, ಜೇಡಿಮಣ್ಣು, ಕಾಗದಗಳಲ್ಲಿ ಏನಾದರೂ ಮಾಡಲು ಹೇಳಿದರು. ಸುಮಾರು ಮುಕ್ಕಾಲು ಪಾಲು ಜನರ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ರಸದೂತದ ಪ್ರಮಾಣ ಇಳಿದಿತ್ತು. ಮೊದಲು ಚಿತ್ರ ಬರೆದು ರೂಢಿಯಿದ್ದವರು, ಇಲ್ಲದವರು ಎಂಬ ಭೇದ ಅದರಲ್ಲಿ ಕಾಣಲಿಲ್ಲ. ಇದು ಮಕ್ಕಳ ಮೇಲಿನ ಅಧ್ಯಯನವಲ್ಲ, ದೊಡ್ಡ ಅಧ್ಯಯನವೂ ಅಲ್ಲ. ಆದರೂ ಚೆನ್ನಾಗಿ ಬರೆದವರಿಗೆ ಮಾತ್ರ ಹಿತವಾಗಬೇಕೆಂದಿಲ್ಲ ಎಂಬ ಸೂಚನೆ ಅದರಲ್ಲಿದೆ.

ಶರಣರ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇದಾರ ಕೇತಯ್ಯನವರ ಕೈಯಲ್ಲಿ ಬಿದಿರಿತ್ತು, ಜೇಡರ ದಾಸಿಮಯ್ಯನವರ ಕೈಯಲ್ಲಿ ನೂಲಿತ್ತು. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯನವರು ತಾವು ಮಾಡಿದ ಮಡಕೆಯನ್ನೇ ಬಾರಿಸುತ್ತ ಮೈಮರೆತಾಗ ಆ ಲಯಕ್ಕೆ ಶಿವನೇ ಕುಣಿಯುತ್ತಾನೆ. ಕೈ ಮತ್ತು ಮನಸ್ಸು ಒಂದೇ ಕೆಲಸದಲ್ಲಿ ನಿಂತಾಗ ಬೇರೆ ಧ್ಯಾನ ಬೇಕಾಗಲಿಲ್ಲ.

ಒಂದು ರವಿವಾರದ ತರಗತಿ

ಆಸನ, ಸಾವಧಾನ, ಚಿತ್ರ, ಈ ಮೂರನ್ನೂ ಬೇರೆ ಬೇರೆ ಪಾಠಗಳಾಗಿ ಕಲಿಸಿದರೆ ಮಗುವಿಗೆ ಮೂರು ಹೊರೆಗಳಾಗುತ್ತವೆ. ಒಂದೇ ವಸ್ತುವನ್ನು ಹಿಡಿದು ಅದನ್ನು ದೇಹದಿಂದ ಉಸಿರಿಗೆ, ಉಸಿರಿನಿಂದ ಕಣ್ಣಿಗೆ, ಕಣ್ಣಿನಿಂದ ಕೈಗೆ ಸಾಗಿಸುವುದು ನಮ್ಮ ಕ್ರಮ. ಮರದ ಪಾಠವನ್ನು ನಿದರ್ಶನವಾಗಿ ಹೇಳುತ್ತೇವೆ. ಏಳರಿಂದ ಹನ್ನೆರಡು ವರ್ಷದ ಹನ್ನೆರಡು ಅಥವಾ ಹದಿನೈದು ಮಕ್ಕಳಿಗೆ ಒಬ್ಬರು ನಡೆಸುವವರು ಸಾಕು.

ಮೊದಲ ಐದು ನಿಮಿಷ ಎಲ್ಲರೂ ಜಮಖಾನೆಯ ಮೇಲೆ ದುಂಡಗೆ ಕುಳಿತುಕೊಳ್ಳುತ್ತಾರೆ. ಒಮ್ಮೆ ಗಂಟೆ ಬಾರಿಸಲಾಗುತ್ತದೆ. ನಾದ ಪೂರ್ತಿ ಅಡಗಿತೆಂದು ಯಾರಿಗೆ ಅನ್ನಿಸುತ್ತದೆಯೋ ಅವರು ಕೈ ಎತ್ತಬೇಕು. ಗದ್ದಲ ಮಾಡಬೇಡಿರೆಂದು ಹೇಳುವ ಅಗತ್ಯವೇ ಬೀಳುವುದಿಲ್ಲ.

ಮುಂದಿನ ಹದಿನೈದು ನಿಮಿಷ ಆಸನ. ಬೀಜದಂತೆ ಮುದುಡಿ ಮಲಗುವ ಶಶಾಂಕಾಸನ, ಮೊಳಕೆಯಂತೆ ಏಳುವ ತಾಡಾಸನ, ಕೊನೆಗೆ ಒಂದು ಕಾಲಿನ ಮೇಲೆ ನಿಲ್ಲುವ ವೃಕ್ಷಾಸನ. ಚಿಕ್ಕವರು ಗೋಡೆ ಹಿಡಿದುಕೊಳ್ಳಲಿ. ಪಾದವನ್ನು ತೊಡೆಯವರೆಗೆ ಏರಿಸಲಾಗದಿದ್ದರೆ ಮೀನಖಂಡಕ್ಕೆ ತಾಗಿಸಿದರೂ ಆಯಿತು. ಮೊಣಕಾಲಿನ ಕೀಲಿಗೆ ಮಾತ್ರ ಒತ್ತಬಾರದು. ಗಾಳಿಗೆ ಮರವೂ ತೂಗುತ್ತದೆ, ಆದ್ದರಿಂದ ತೂಗಿದ ಮಗು ತಪ್ಪು ಮಾಡಿದಂತಲ್ಲ ಎಂದು ಮೊದಲೇ ಹೇಳುತ್ತೇವೆ. ಬಿದ್ದವರನ್ನು ನೋಡಿ ನಗುವುದು ಅಂದಿನಿಂದ ನಿಲ್ಲುತ್ತದೆ.

ಬಳಿಕ ಐದು ನಿಮಿಷ ಉಸಿರು. ವಯಸ್ಕರು ನಿಮಿಷಕ್ಕೆ ಸುಮಾರು 12ರಿಂದ 20 ಬಾರಿ ಉಸಿರಾಡಿದರೆ, ಶಾಲೆಗೆ ಹೋಗುವ ಮಕ್ಕಳ ಉಸಿರು ಅದಕ್ಕಿಂತ ತ್ವರಿತ. ದೊಡ್ಡವರ ಎಣಿಕೆಯನ್ನು ಅವರ ಮೇಲೆ ಹೇರಬಾರದು. ಒಳಗೆ ಎಳೆದುಕೊಂಡ ಉಸಿರನ್ನು ದುಂಬಿಯ ಝೇಂಕಾರದೊಡನೆ ಮೆಲ್ಲಗೆ ಹೊರಬಿಡುವ ಭ್ರಾಮರಿ ಐದಾರು ಬಾರಿ ಸಾಕು. ನಿಶ್ವಾಸ ದೀರ್ಘವಾದಷ್ಟೂ ಹೃದಯದ ಬಡಿತ ಶಾಂತವಾಗುತ್ತದೆ.

ಆಮೇಲೆ ಪ್ರತಿ ಮಗುವಿಗೂ ಒಂದೊಂದು ಬೇವಿನ ಎಲೆಯೋ ಅರಳಿ ಎಲೆಯೋ ದೊರೆಯುತ್ತದೆ. ಅಂಗೈಯಲ್ಲಿಟ್ಟುಕೊಂಡು ಮೂರು ನಿಮಿಷ ಮೌನವಾಗಿ ನೋಡಬೇಕು. ನರಗಳು ಎಲ್ಲಿಂದ ಹೊರಟಿವೆ? ಹುಳು ತಿಂದ ಜಾಗ ಎಲ್ಲಿದೆ? ಹಿಂಬದಿಯ ಬಣ್ಣ ಮುಂಬದಿಯಂತೆಯೇ ಇದೆಯೇ? ನಂತರ ಎಲ್ಲ ಎಲೆಗಳನ್ನೂ ಒಂದು ತಟ್ಟೆಯಲ್ಲಿ ಬೆರೆಸಿ, ಅವರವರ ಎಲೆಯನ್ನು ಹುಡುಕಿಕೊಳ್ಳಲು ಹೇಳುತ್ತೇವೆ. ಹೆಚ್ಚಿನವರು ಹುಡುಕಿಕೊಳ್ಳುತ್ತಾರೆ. ಸಾವಧಾನವೆಂದರೇನು ಎಂಬ ವ್ಯಾಖ್ಯಾನ ಅಲ್ಲಿಗೆ ಮುಗಿಯಿತು.

ಈಗ ಇಪ್ಪತ್ತು ನಿಮಿಷ ಕಾಗದ ಮತ್ತು ಬಣ್ಣ. "ಮರದ ಚಿತ್ರ ಬರೆಯಿರಿ" ಎಂದಷ್ಟೇ ಹೇಳಿದರೆ ಎಲ್ಲರೂ ಪುಸ್ತಕದಲ್ಲಿ ಕಂಡ ಅದೇ ಮರವನ್ನು, ಅದರ ಹಿಂದೆ ಅದೇ ಎರಡು ಗುಡ್ಡಗಳನ್ನು ಬರೆಯುತ್ತಾರೆ. "ಒಂದು ಕಾಲಿನ ಮೇಲೆ ನಿಂತಾಗ ನೀವು ಎಂಥ ಮರವಾಗಿದ್ದಿರಿ, ಅದನ್ನು ಬರೆಯಿರಿ" ಎಂದರೆ ಹದಿನೈದು ಮಕ್ಕಳಿಂದ ಹದಿನೈದು ಮರಗಳು ಹುಟ್ಟುತ್ತವೆ. ಹಲಗೆಯ ಮೇಲೆ ಮಾದರಿ ಬರೆದು ತೋರಿಸುವುದಿಲ್ಲ. ಉಳಿದ ಸಮಯದಲ್ಲಿ, ಇಷ್ಟವಿದ್ದವರು ತಮ್ಮ ಚಿತ್ರದ ಬಗೆಗೆ ಒಂದೆರಡು ಮಾತು ಹೇಳಬಹುದು. ಇಷ್ಟವಿಲ್ಲದವರು ಚಿತ್ರವನ್ನು ಮಡಚಿ ಮನೆಗೆ ಒಯ್ಯಬಹುದು.

ಜ್ಯೇಷ್ಠ ಮಾಸದಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಸಮೀಪಿಸಿದಾಗ ಕಾಗದದ ಬದಲು ಎರೆಮಣ್ಣು. ಮೊಣಕಾಲು, ಅಂಗೈಗಳನ್ನು ಊರಿ ಬೆನ್ನನ್ನು ಏರಿಳಿಸುವ ಮಾರ್ಜಾಲಾಸನದಲ್ಲಿ ಬೆನ್ನುಹುರಿಯ ಚಲನೆಯನ್ನು ಅರಿತ ಮಗು, ಎತ್ತಿನ ಹಿಣಿಲನ್ನೂ ಬೆನ್ನನ್ನೂ ಮಣ್ಣಿನಲ್ಲಿ ಬೇರೆ ರೀತಿ ಮಾಡುತ್ತದೆ. ಜೋಡಿ ಎತ್ತು, ಗೋದಲಿ ಮಾಡಿ ಪೂಜಿಸುವ ನಮ್ಮ ಭಾಗದ ಪದ್ಧತಿಯಲ್ಲಿ ಮಕ್ಕಳ ಕೈಗೆ, ಮನಸ್ಸಿಗೆ ಎಷ್ಟು ಒಳ್ಳೆಯ ಕೆಲಸವಿತ್ತು! ಪೇಟೆಯಿಂದ ಅಚ್ಚಿನ ಎತ್ತುಗಳನ್ನು ಕೊಂಡು ತಂದಾಗ ಪೂಜೆ ಉಳಿಯುತ್ತದೆ, ಆ ಕೆಲಸ ತಪ್ಪಿಹೋಗುತ್ತದೆ.

ಬಹುಮಾನ ಕೊಟ್ಟು ಕಲಿತ ಪಾಠ

ಈ ತರಗತಿಯ ಆರಂಭದ ವರ್ಷಗಳಲ್ಲಿ ನಾವೊಂದು ತಪ್ಪು ಮಾಡಿದೆವು, ಮುಚ್ಚಿಡುವುದು ಯೋಗ್ಯವಲ್ಲ. ಬೇಸಿಗೆ ಶಿಬಿರದ ಕೊನೆಯ ದಿನ ಮಕ್ಕಳ ಚಿತ್ರಗಳ ಸ್ಪರ್ಧೆ ಏರ್ಪಡಿಸಿ, ಮೂರು ಬಹುಮಾನ ಕೊಟ್ಟೆವು. ಪ್ರೋತ್ಸಾಹವಾಗಲೆಂಬುದೇ ನಮ್ಮ ಭಾವನೆ. ಸುಮಾರು ಒಂಬತ್ತು ವರ್ಷದ ಒಬ್ಬ ಬಾಲಕಿ ಶಿಬಿರದುದ್ದಕ್ಕೂ ಎಲ್ಲರಿಗಿಂತ ಹೆಚ್ಚು ಹೊತ್ತು ಬರೆಯುತ್ತಿದ್ದವಳು. ಆ ದಿನ ಅವಳು ಬರೆದ ಮರದಲ್ಲಿ ಕೊಂಬೆಗಳಿಗಿಂತ ಬೇರುಗಳೇ ದೊಡ್ಡವು. ಕಾಗದದ ಮುಕ್ಕಾಲು ಭಾಗ ಬರಿಯ ಬೇರು. ತೀರ್ಪುಗಾರರಾಗಿದ್ದ ನಾವು ಅದನ್ನು ಬದಿಗಿರಿಸಿ, ಅಂದವಾಗಿ ಬಣ್ಣ ತುಂಬಿದ ಮೂರು ಚಿತ್ರಗಳನ್ನು ಆರಿಸಿದೆವು. ಮುಂದಿನ ರವಿವಾರ ಆ ಬಾಲಕಿ ಕಾಗದ ಮುಟ್ಟಲಿಲ್ಲ. ಕೇಳಿದರೆ, "ನನಗ ಚಿತ್ರ ಬರೂದಿಲ್ರೀ" ಎಂದಳು. ವಾರದ ಹಿಂದೆ ಅವಳಿಗೆ ಚಿತ್ರ ಬರುತ್ತಿತ್ತು.

ಇದನ್ನು ನಾವು ನಮ್ಮ ಅನುಭವದಿಂದ ಕಲಿಯುವ ಬಹಳ ಮೊದಲೇ, 1973ರಲ್ಲಿ, ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಅವರು ಶಿಶುವಿಹಾರವೊಂದರಲ್ಲಿ ಪರೀಕ್ಷಿಸಿ ನೋಡಿದ್ದರು. ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳನ್ನು ಆರಿಸಿ, ಕೆಲವರಿಗೆ "ಬರೆದರೆ ಪ್ರಶಸ್ತಿಪತ್ರ ಸಿಗುತ್ತದೆ" ಎಂದು ಮೊದಲೇ ಹೇಳಿ ಬರೆಸಿದರು. ಕೆಲವರಿಗೆ ಹೇಳದೆ ಅನಿರೀಕ್ಷಿತವಾಗಿ ಕೊಟ್ಟರು. ಉಳಿದವರಿಗೆ ಏನೂ ಕೊಡಲಿಲ್ಲ. ಕೆಲವು ದಿನಗಳ ಬಳಿಕ ಬಿಡುವಿನ ವೇಳೆಯಲ್ಲಿ ನೋಡಿದಾಗ, ಪ್ರಶಸ್ತಿಯ ಆಸೆಯಿಂದ ಬರೆದಿದ್ದ ಮಕ್ಕಳು ಉಳಿದವರು ಚಿತ್ರಕ್ಕೆ ಕೊಡುತ್ತಿದ್ದ ಸಮಯದ ಸುಮಾರು ಅರ್ಧದಷ್ಟನ್ನು ಮಾತ್ರ ಕೊಡುತ್ತಿದ್ದರು. ಬಹುಮಾನ ಪಡೆದವರಿಗೇ ಹೀಗಾದರೆ, ಪಡೆಯದವರ ಗತಿ ಏನು?

ಅಂದಿನಿಂದ ಈ ತರಗತಿಯಲ್ಲಿ ಬಹುಮಾನವಿಲ್ಲ, ಅಂಕವಿಲ್ಲ, ಗೋಡೆಯ ಮೇಲೆ ಆಯ್ದ ಚಿತ್ರಗಳ ಪ್ರದರ್ಶನವಿಲ್ಲ. ಪರೀಕ್ಷೆಯ ಭಯದಿಂದ ಹೊಟ್ಟೆನೋವು ಬಂದ ಮಗುವಿಗೆ ರವಿವಾರ ಇನ್ನೊಂದು ಪರೀಕ್ಷೆ ಒಡ್ಡಿ ಗುಣಪಡಿಸುವೆವೆಂಬುದು ವೈದ್ಯರಾದ ನಮಗೆ ಶೋಭಿಸುವ ಮಾತಾಗಿರಲಿಲ್ಲ. ಆ ಬಾಲಕಿ ಮರುವರ್ಷ ಮಣ್ಣಿನ ಕೆಲಸಕ್ಕೆ ಕುಳಿತಳು. ಒಂದು ಕೋಡಿನ ಎತ್ತು ಮಾಡಿದಳು. ಇನ್ನೊಂದು ಕೋಡು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಕಾಗದದ ಮೇಲೆ ಮಾತ್ರ ಅವಳು ಬರೆಯಲೊಲ್ಲಳು.

ನಡೆಸುವವರ ಗಮನಕ್ಕೆ

ಊಟವಾಗಿ ಕನಿಷ್ಠ ಎರಡು ಗಂಟೆ ಕಳೆದಿರಲಿ. ತೀರ ಹಸಿದ ಮಗುವಿಗೆ ಒಂದು ಗಂಟೆ ಮೊದಲು ಬಾಳೆಹಣ್ಣನ್ನೋ ಹಾಲನ್ನೋ ಕೊಡಬಹುದು. ಶೀರ್ಷಾಸನ, ಉಸಿರು ಕಟ್ಟುವ ಕುಂಭಕ, ವೇಗದ ಭಸ್ತ್ರಿಕಾ, ಕಪಾಲಭಾತಿ ಈ ವಯಸ್ಸಿಗೆ ಬೇಡ. ಮೂರ್ಛೆರೋಗವಿರುವ ಮಕ್ಕಳಲ್ಲಿ ವೇಗದ ಉಸಿರಾಟವು ರೋಗವನ್ನು ಕೆರಳಿಸಬಲ್ಲದು. ಅಂಥವರೂ ಉಬ್ಬಸವಿರುವವರೂ ತಮ್ಮ ವೈದ್ಯರ ಸಲಹೆ ಪಡೆದೇ ಬರಲಿ. ಯೋಗ ಮಾಡುತ್ತೇವೆಂದು ಔಷಧಿಯನ್ನು ನಿಲ್ಲಿಸಲೇಬಾರದು.

ಕಣ್ಣು ಮುಚ್ಚಲು ಹೆದರುವ ಮಗುವಿಗೆ ಒತ್ತಾಯ ಬೇಡ. ನೆಲವನ್ನು ನೋಡುತ್ತ ಕುಳಿತರೂ ಸಾಕು. ಬಣ್ಣಕ್ಕೆ ಅರಿಸಿನ, ಕೆಮ್ಮಣ್ಣು, ಇದ್ದಿಲು ಒಳ್ಳೆಯವು; ಸುಣ್ಣವನ್ನು ಮಾತ್ರ ಮಕ್ಕಳ ಕೈಗೆ ಕೊಡಬಾರದು, ಅದು ಕಣ್ಣನ್ನು ಸುಡುತ್ತದೆ. ಚಿತ್ರವನ್ನು ನೋಡಿ ಮಗುವಿನ ಮನಸ್ಸಿನ ಬಗೆಗೆ ಭವಿಷ್ಯ ಹೇಳುವ ಚಪಲವೂ ಬೇಡ. ಕಪ್ಪು ಬಣ್ಣ ಬಳಸಿದ ಮಗು ದುಃಖಿಯೇ ಆಗಿರಬೇಕೆಂದಿಲ್ಲ. ಪೆಟ್ಟಿಗೆಯಲ್ಲಿ ಉಳಿದದ್ದು ಅದೊಂದೇ ಇರಬಹುದು.

ಹೊಟ್ಟೆನೋವಿನ ವಿಷಯದಲ್ಲಿ ಒಂದು ಮಾತು. ನೋವು ನಿದ್ರೆಯಿಂದ ಎಬ್ಬಿಸುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಜ್ವರ, ವಾಂತಿ, ಮಲದಲ್ಲಿ ರಕ್ತ ಕಂಡರೆ ಅದು ಮನಸ್ಸಿನ ನೋವೆಂದು ಕುಳಿತಿರದೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹಾಗೆಯೇ ಮಗು ವಾರಗಟ್ಟಲೆ ಮಂಕಾಗಿದ್ದರೆ, ಸಾಯುವ ಮಾತನಾಡಿದರೆ, ಈ ತರಗತಿ ಸಾಲದು. ಮನೋವೈದ್ಯರ ನೆರವು ಬೇಕು. ಅದರಲ್ಲಿ ಅವಮಾನವೇನೂ ಇಲ್ಲ.

ಮನೆಯಲ್ಲಿ

ವಾರಕ್ಕೊಂದು ಗಂಟೆಯಲ್ಲಿ ನಾವು ಬಿತ್ತಬಹುದು; ನೀರೆರೆಯುವುದು ಮನೆಯವರ ಕೈಯಲ್ಲಿದೆ. ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಟಿವಿ, ಮೊಬೈಲ್ ಬದಿಗಿಟ್ಟು ಮಗುವಿನೊಡನೆ ಕುಳಿತುಕೊಳ್ಳಿರಿ. ಐದು ಬಾರಿ ಭ್ರಾಮರಿ, ಅನಂತರ ಅಂಗಳದಲ್ಲಿ ಒಂದು ಸಣ್ಣ ರಂಗೋಲಿ ಅಥವಾ ಒಂದು ಚಿತ್ರ. ತಾವೂ ಬರೆಯಿರಿ. ತಂದೆಗೆ ಚಿತ್ರ ಬಾರದೆಂಬುದನ್ನು ಕಂಡ ಮಗುವಿಗೆ ಆಗುವ ಧೈರ್ಯ ಅಷ್ಟಿಷ್ಟಲ್ಲ.

ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಮಗುವಿನ ಆಟಿಕೆಗಳು ಹೇಗಿರಬೇಕೆಂಬ ವಿವರವಿದೆ: ಬಣ್ಣಬಣ್ಣದವು, ದನಿ ಮಾಡುವಂಥವು, ಮನಸೆಳೆಯುವಂಥವು, ಭಾರವಿಲ್ಲದವು, ಚೂಪು ತುದಿಯಿಲ್ಲದವು, ಬಾಯಿಯೊಳಗೆ ಹೋಗದಂಥವು, ಮತ್ತು ಹೆದರಿಕೆ ಹುಟ್ಟಿಸದಂಥವು. ಅಳುವ, ಉಣ್ಣದ ಮಗುವನ್ನು ರಾಕ್ಷಸ ಪಿಶಾಚಿಗಳ ಹೆಸರು ಹೇಳಿ ಹೆದರಿಸಬಾರದೆಂದೂ ಅಲ್ಲಿಯೇ ಹೇಳಿದೆ. ಇಂದು ನಾವು ಪಿಶಾಚಿಯ ಹೆಸರು ಹೇಳುವುದನ್ನು ಬಿಟ್ಟಿದ್ದೇವೆ. ಅದರ ಬದಲು ಪಕ್ಕದ ಮನೆಯ ಮಗುವಿನ ಅಂಕಗಳನ್ನು ಹೇಳುತ್ತೇವೆ. ಹೆದರಿಕೆ ಹಾಗೆಯೇ ಉಳಿದಿದೆ.

ಆದುದರಿಂದ ತಾಯಂದಿರಲ್ಲಿ, ತಂದೆಯರಲ್ಲಿ ನಮ್ಮ ಬಿನ್ನಹ ಇಷ್ಟೇ. ರವಿವಾರ ತರಗತಿ ಮುಗಿಸಿ ಬಂದ ಮಗುವನ್ನು "ಯಾರದು ಚೆನ್ನಾಗಿತ್ತು?" ಎಂದು ಕೇಳಬೇಡಿರಿ. "ಇವತ್ತು ಏನು ನೋಡಿದೆ?" ಎಂದು ಕೇಳಿರಿ. ಹೇಳುವುದು ಮುಗಿಯುವವರೆಗೆ ಕೇಳುತ್ತ ಕುಳಿತಿರಿ.